ಕಣ್ಣೆದುರಿನ ಮಾಯಾಲೋಕ

ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆಬೇರೆ ಕೋನಗಳಿಂದ ನೋಡುತ್ತವೆ. ಈ ನೋಟಗಳನ್ನು ಮಿದುಳು ಒಂದುಗೂಡಿಸಿದಾಗ ದೂರ, ಸಮೀಪಗಳ ಅರಿವು ಮೂಡುತ್ತದೆ. ಈ ತತ್ತ್ವವನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ವಿವರಿಸಿದರು. 1968ರಲ್ಲಿ ಅಮೆರಿಕದ ಐವಾನ್ ಸದರ್‌ಲೆಂಡ್ ತಲೆಗೆ ಧರಿಸುವ ದರ್ಶಕವನ್ನು ಪ್ರಕಟಪಡಿಸಿದರು. ತಲೆ ಹೊರಳಿದಂತೆ ಚಿತ್ರವೂ ಬದಲಾಗುತ್ತಿತ್ತು. ಆದರೆ ಆ ಯಂತ್ರವನ್ನು ಛಾವಣಿಗೆ ತೂಗುಹಾಕಬೇಕಾಗಿತ್ತು. ಇಂದು ಅದು ಮುಖಕ್ಕೆ ಕಟ್ಟಿಕೊಳ್ಳುವಷ್ಟು ಹಗುರವಾಗಿದೆ.

ಸುತ್ತಣ ಲೋಕವನ್ನು ಮರೆಮಾಡಿ ಬೇರೊಂದನ್ನು ತೋರಿಸುವುದು ವರ್ಚುವಲ್ ರಿಯಾಲಿಟಿ, ಎಂದರೆ ಮಿಥ್ಯಾವಾಸ್ತವ. ಇರುವ ಲೋಕದ ಮೇಲೆಯೇ ಚಿತ್ರಗಳನ್ನು ಮೂಡಿಸುವುದು ವರ್ಧಿತ ವಾಸ್ತವ. ಶಸ್ತ್ರವೈದ್ಯರು ರೋಗಿಗೆ ಅಪಾಯವಿಲ್ಲದಂತೆ ಇದರಲ್ಲಿ ಅಭ್ಯಾಸ ಮಾಡಬಲ್ಲರು.

ಆದರೆ ಕೆಲವು ಸಾಧನಗಳು ಧರಿಸಿದವರ ದೃಷ್ಟಿ ಎಲ್ಲಿ ನಿಂತಿತೆಂಬುದನ್ನೂ ಗುರುತಿಸುತ್ತವೆ. ನಾವು ನೋಡುವ ಯಂತ್ರವೇ ನಮ್ಮನ್ನೂ ನೋಡತೊಡಗಿದರೆ, ಆ ಮಾಹಿತಿ ಯಾರ ಕೈಸೇರಬೇಕು? ಇದನ್ನು ನಿರ್ಧರಿಸುವ ಹೊಣೆ ನಾಳಿನ ಪ್ರಜೆಗಳದು.