ತಟ್ಟೆಯಲ್ಲೊಂದು ನಿಂಬೆ ಮರ

ಊರ್ಡಿಗೆರೆಯಂಥ ಊರಲ್ಲಿ ಹಿತ್ತಲಿದ್ದವರಿಗೆ ನಿಂಬೆಗಿಡ ಹೊಸದೇನಲ್ಲ. ಆದರೆ ಮಕ್ಕಳ ಓದಿಗೋ ಕೆಲಸಕ್ಕೋ ಅಂತ ತುಮಕೂರಿನ ಬಾಡಿಗೆ ಮನೆಗೆ ಬಂದವರಿಗೆ ಹಿತ್ತಲೆಲ್ಲಿ? ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ತಾರಸಿಯ ಮೂಲೆ ಇದ್ದರೆ ಸಾಕು, ನಿಂಬೆಯನ್ನು ಬೋನ್ಸಾಯ್ ಮಾಡಿ ಬೆಳೆಸಬಹುದು.

ಯಾವ ಗಿಡ? ಬೋನ್ಸಾಯ್‌ನಲ್ಲಿ ಎಲೆ, ರೆಂಬೆ ಚಿಕ್ಕದಾಗುತ್ತವೆ, ಹಣ್ಣು ಮಾತ್ರ ಆಗಲ್ಲ. ಹಾಗಾಗಿ ಚಕ್ಕೋತ ಬೇಡ, ಕಾಗದಿ ನಿಂಬೆಯೇ ಸರಿ. ಬೀಜದ ಗಿಡ ಕಾಯಿ ಬಿಡಲು ಐದಾರು ವರ್ಷ ಕಾಯಿಸುತ್ತೆ. ಗೂಟಿ ಕಟ್ಟಿ ಬೇರು ಬರಿಸಿದ ಗಿಡ ಬೇಗ ಫಲ ಕೊಡುತ್ತೆ.

ಮಣ್ಣು: ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು. ಕುಂಡದ ತಳದಲ್ಲಿ ತೂತು ಇರಲೇಬೇಕು. ಎರಡು ವರ್ಷಕ್ಕೊಮ್ಮೆ ಮಳೆಗಾಲದ ಶುರುವಿನಲ್ಲಿ ಮಣ್ಣು ಬದಲಿಸಿ, ಬೇರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ.

ನೀರು: ಹೆಚ್ಚಿನವರು ಸೋಲುವುದು ಇಲ್ಲೇ. ನಮ್ಮ ಕಡೆ ಹಲವು ಬೋರ್‌ವೆಲ್‌ಗಳ ನೀರು ಗಡಸು. ಅದರ ಸುಣ್ಣದಂಶ ಪುಟ್ಟ ಕುಂಡದಲ್ಲಿ ಸೇರುತ್ತಾ ಹೋದರೆ, ಮಣ್ಣಲ್ಲಿ ಕಬ್ಬಿಣದಂಶ ಇದ್ದರೂ ಬೇರಿಗೆ ಸಿಗಲ್ಲ. ಚಿಗುರೆಲೆ ಹಳದಿಯಾಗಿ, ನರಗಳಷ್ಟೇ ಹಸಿರು ಉಳಿಯುತ್ತವೆ. ನೀರು ಸಾಲದೇನೋ ಅಂದುಕೊಂಡು ನಾವು ಅದೇ ನೀರನ್ನು ಇನ್ನಷ್ಟು ಸುರೀತೀವಿ, ಆಗ ಬೇರೇ ಕೊಳೆಯುತ್ತೆ! ಮೇಲ್ಮಣ್ಣು ಒಂದು ಇಂಚು ಒಣಗಿದೆಯಾ ಅಂತ ಬೆರಳಿಟ್ಟು ನೋಡಿ, ಆಮೇಲೆ ತೂತಿನಿಂದ ಇಳಿಯುವಷ್ಟು ಹಾಕಿ. ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಹಳದಿ ಹೋಗದಿದ್ದರೆ ಗೊಬ್ಬರದಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ ಸಿಗುತ್ತೆ. ಪೊಟ್ಟಣದ ಮೇಲೆ ಬರೆದ ಅಳತೆ ಮೀರಬೇಡಿ.

ಹುಳು: ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಸರಿಯಾಗಿ ನೋಡಿ, ಅದು ನಿಂಬೆ ಚಿಟ್ಟೆಯ ಮರಿಹುಳು ಇರಬಹುದು. ದೊಡ್ಡದಾದ ಮೇಲೆ ಹಸಿರಾಗುತ್ತೆ. ಪುಟ್ಟ ಮರದ ಎಲೆಯನ್ನೆಲ್ಲ ಕೆಲವೇ ದಿನದಲ್ಲಿ ಮುಗಿಸಿಬಿಡುತ್ತೆ. ಔಷಧಿ ಬೇಡ, ಎತ್ತಿ ಹಿತ್ತಲಲ್ಲೋ ಪಕ್ಕದಲ್ಲೋ ಇರುವ ದೊಡ್ಡ ಕರಿಬೇವಿನ ಗಿಡಕ್ಕೆ ಬಿಡಿ. ಅದೂ ಬದುಕಿಕೊಳ್ಳುತ್ತೆ.

ಕಾಯಿ: ಮೊದಲ ಫಸಲಿನಲ್ಲಿ ಮೂರ್ನಾಲ್ಕು ಕಾಯಿ ಉಳಿಸಿ ಮಿಕ್ಕಿದ್ದನ್ನು ಎಳಸಿನಲ್ಲೇ ಕಿತ್ತುಬಿಡಿ. ಇಲ್ಲದಿದ್ದರೆ ಮರ ಸೊರಗುತ್ತೆ. ಹಳೆಯ ಬೋನ್ಸಾಯ್ ಹೇಗಿರುತ್ತವೆ ಅಂತ ನೋಡುವ ಆಸೆಯಿದ್ದರೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಮೈಸೂರಿನ ದತ್ತಪೀಠದಲ್ಲಿ ಬೋನ್ಸಾಯ್ ತೋಟಗಳಿವೆ.

ಕೊನೆಯದಾಗಿ ಒಂದು ಮಾತು. ನೆಲದ ಮರ ಬೇರು ಚಾಚಿ ನೀರು ಹುಡುಕಿಕೊಳ್ಳುತ್ತೆ, ತಟ್ಟೆಯ ಮರಕ್ಕೆ ಆ ದಾರಿಯಿಲ್ಲ. ಬೇಸಿಗೆಯಲ್ಲಿ ಮದುವೆ ಅಂತ ಮೂರು ದಿನ ಊರಿಗೆ ಹೊರಟರೆ, ಹಾಲು ಬೇಡ ಅಂತ ಹೇಳುವಾಗಲೇ ಪಕ್ಕದ ಮನೆಯವರಿಗೆ ಗಿಡದ ವಿಷಯವನ್ನೂ ಹೇಳಿ ಹೋಗಿ.