ಹಳೆಯ ಉಪಕರಣ ಯಾರ ಕೈಗೆ?

ಬಡಗಿಯ ಉಳಿಪೆಟ್ಟಿಗೆಯನ್ನು ನೋಡದ ವಿದ್ಯಾರ್ಥಿಗಳು ನಮ್ಮಲ್ಲಿ ಇರಲಾರರು. ಅಂಗಡಿಯಿಂದ ತಂದ ದಿನ ಆ ಉಳಿಗೂ ಪಕ್ಕದ ಉಳಿಗೂ ಯಾವ ಭೇದವೂ ಇರುವುದಿಲ್ಲ. ಹತ್ತು ವರ್ಷ ಕೈಯಲ್ಲಿ ಆಡಿದ ಮೇಲೆ ಅದು ಆ ಬಡಗಿಯದೇ ಆಗಿಬಿಡುತ್ತದೆ. ಹಿಡಿಯನ್ನು ಅವನು ತನ್ನ ಅಂಗೈಗೆ ತಕ್ಕಂತೆ ಕೆತ್ತಿಕೊಂಡಿರುತ್ತಾನೆ; ಅಲಗನ್ನು ತನ್ನ ಕೆಲಸಕ್ಕೆ ತಕ್ಕ ಓರೆಯಲ್ಲಿ ಮಸೆದಿರುತ್ತಾನೆ. ಮತ್ತೊಬ್ಬನು ಅದನ್ನು ಹಿಡಿದರೆ ಕೈಗೆ ಒಗ್ಗುವುದಿಲ್ಲ.

ಗಣಕಯಂತ್ರವೂ ಒಂದು ಉಪಕರಣವೇ. ಅದನ್ನು ನಮ್ಮ ಕೈಗೆ ಒಗ್ಗಿಸಿಕೊಳ್ಳಬಹುದೇ? ಒಗ್ಗಿಸಿಕೊಡುವುದನ್ನೇ ಕಸುಬಾಗಿ ಮಾಡಿಕೊಂಡ ಒಂದು ತಂತ್ರಾಂಶಕ್ಕೆ ವಯಸ್ಸಾದಾಗ ಅದು ಯಾರನ್ನು ನೆಚ್ಚಿ ಬಾಳಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ. ಉದಾಹರಣೆಗೆ ಅಮೆರಿಕದ ಮಿಷಿಗನ್ ಸಂಸ್ಥಾನದ ಸ್ಟಾರ್‌ಡಾಕ್ ಸಂಸ್ಥೆಯ ‘ಆಬ್ಜೆಕ್ಟ್ ಡೆಸ್ಕ್‌ಟಾಪ್’ ಎಂಬ ತಂತ್ರಾಂಶಗಳ ಕಟ್ಟನ್ನು ತೆಗೆದುಕೊಳ್ಳೋಣ.

ಮೇಜು, ಕಿಟಕಿ, ಚಿಹ್ನೆ

ಗಣಕಯಂತ್ರವನ್ನು ಚಾಲನೆ ಮಾಡಿದೊಡನೆ ತೆರೆಯ ಮೇಲೆ ಕಾಣುವ ಹರವಿಗೆ ‘ಡೆಸ್ಕ್‌ಟಾಪ್’ ಎನ್ನುತ್ತಾರೆ. ಎಂದರೆ ಮೇಜಿನ ಮೇಲ್ಮೈ. ಮೇಜಿನ ಮೇಲೆ ಕಾಗದ, ಕಡತಗಳನ್ನು ಇಡುವಂತೆ ಇಲ್ಲಿ ಚಿಹ್ನೆಗಳನ್ನು ಇಡುತ್ತೇವೆ. ಪ್ರತಿಯೊಂದು ಕೆಲಸವೂ ಒಂದೊಂದು ಕಿಟಕಿಯಲ್ಲಿ ತೆರೆಯುತ್ತದೆ. ಈ ಮೇಜು, ಕಿಟಕಿ, ಚಿಹ್ನೆಗಳನ್ನು ಒದಗಿಸುವುದು ‘ಕಾರ್ಯಾಚರಣ ವ್ಯವಸ್ಥೆ’ ಎಂಬ ಮೂಲ ತಂತ್ರಾಂಶದ ಹೊಣೆ. ನಮ್ಮ ಶಾಲೆ, ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವ ವಿಂಡೋಸ್ ಅಂಥದೊಂದು ವ್ಯವಸ್ಥೆ.

ಈ ವ್ಯವಸ್ಥೆಯನ್ನು ಕೋಟ್ಯಂತರ ಜನರಿಗಾಗಿ ರಚಿಸಿರುತ್ತಾರೆ. ಆದುದರಿಂದ ಅದು ಎಲ್ಲರಿಗೂ ಸ್ವಲ್ಪ ಸ್ವಲ್ಪ ಸರಿಹೊಂದುತ್ತದೆ, ಯಾರಿಗೂ ಪೂರ್ತಿಯಾಗಿ ಸರಿಹೊಂದುವುದಿಲ್ಲ. ಸಿದ್ಧ ಉಡುಪಿನ ಅಂಗಡಿಯಲ್ಲಿ ಕೊಂಡ ಅಂಗಿಯಂತೆ ತೋಳು ಒಬ್ಬನಿಗೆ ಉದ್ದ, ಇನ್ನೊಬ್ಬನಿಗೆ ಗಿಡ್ಡ. ಆ ಅಂಗಿಯನ್ನು ಮೈಗೆ ತಕ್ಕಂತೆ ಮರುಹೊಲಿಗೆ ಮಾಡುವ ದರ್ಜಿಯ ಕೆಲಸವನ್ನೇ ಆಬ್ಜೆಕ್ಟ್ ಡೆಸ್ಕ್‌ಟಾಪಿನಂಥ ತಂತ್ರಾಂಶಗಳು ಮಾಡುತ್ತವೆ.

ನಂಬಿಕೆಯ ಮುಂಗಡ

ಸ್ಟಾರ್‌ಡಾಕ್ ಸಂಸ್ಥೆಯನ್ನು ೧೯೯೧ರಲ್ಲಿ ಸ್ಥಾಪಿಸಿದವರು ಬ್ರಾಡ್ ವಾರ್ಡೆಲ್. ಅವರು ಆಗಿನ್ನೂ ಕಾಲೇಜು ವಿದ್ಯಾರ್ಥಿ. ಸಂಸ್ಥೆಯ ತಂತ್ರಾಂಶಗಳು ಮೊದಲು ಹುಟ್ಟಿದ್ದು ವಿಂಡೋಸ್‌ಗಾಗಿ ಅಲ್ಲ, ಓಎಸ್/೨ ಎಂಬ ಇನ್ನೊಂದು ವ್ಯವಸ್ಥೆಗಾಗಿ. ೧೯೮೭ರಲ್ಲಿ ಹೊರಬಂದ ಓಎಸ್/೨ ಅನ್ನು ಐಬಿಎಂ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಕೂಡಿ ರಚಿಸಿದ್ದವು. ಮುಂದೆ ಇಬ್ಬರ ದಾರಿ ಬೇರೆಯಾಯಿತು. ಐಬಿಎಂ ಓಎಸ್/೨ ಅನ್ನು ಮುಂದುವರಿಸಿತು, ಮೈಕ್ರೋಸಾಫ್ಟ್ ವಿಂಡೋಸ್ ಅನ್ನು ಬೆಳೆಸಿತು.

೧೯೯೫ರಲ್ಲಿ ಆಬ್ಜೆಕ್ಟ್ ಡೆಸ್ಕ್‌ಟಾಪ್ ಓಎಸ್/೨ಕ್ಕಾಗಿ ಪ್ರಕಟವಾಯಿತು. ಅದನ್ನು ಕೊಂಡವರು ಯಂತ್ರದ ಒಳಹೊರಗನ್ನು ಬಲ್ಲವರು; ದಿನದ ಬಹುಭಾಗವನ್ನು ತೆರೆಯ ಮುಂದೆ ಕಳೆಯುವವರು. ಒಂದೇ ತೆರೆಯ ಮೇಲೆ ಹಲವು ಮೇಜುಗಳನ್ನು ಕಲ್ಪಿಸಿಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುವ ಅನುಕೂಲ ಅವರಿಗೆ ಅದರಲ್ಲಿ ದೊರಕಿತು. ಇಂಥವರನ್ನು ಇಂಗ್ಲಿಷಿನಲ್ಲಿ ‘ಪವರ್ ಯೂಸರ್’ ಎನ್ನುತ್ತಾರೆ. ನಾವು ‘ನುರಿತ ಬಳಕೆದಾರರು’ ಎನ್ನೋಣ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನುರಿತವನೆಂದರೆ ತಂತ್ರಾಂಶ ಬರೆಯುವ ಪಂಡಿತನೇ ಆಗಬೇಕಿಲ್ಲ. ಲೆಕ್ಕಪತ್ರ ಬರೆಯುವ ಗುಮಾಸ್ತೆ, ಪುಸ್ತಕದ ಪುಟ ಜೋಡಿಸುವ ಮುದ್ರಣಾಲಯದ ಕೆಲಸಗಾರ, ನೂರಾರು ಪ್ರಶ್ನೆಪತ್ರಿಕೆಗಳನ್ನು ಸಿದ್ಧಪಡಿಸುವ ಉಪಾಧ್ಯಾಯಿನಿ ಇವರೆಲ್ಲ ನುರಿತವರೇ. ಒಂದೇ ಕೆಲಸವನ್ನು ದಿನಕ್ಕೆ ನೂರು ಬಾರಿ ಮಾಡುವವನಿಗೆ ಪ್ರತಿಬಾರಿಯೂ ಎರಡು ಕ್ಷಣ ಉಳಿದರೆ ಅದೇ ದೊಡ್ಡ ಲಾಭ.

ಅದೇ ೧೯೯೫ರ ಆಗಸ್ಟ್ ೨೪ರಂದು ವಿಂಡೋಸ್ ೯೫ ಹೊರಬಂದಿತು. ಜನರು ಅತ್ತ ಹರಿದರು; ಓಎಸ್/೨ ಕ್ರಮೇಣ ಬಡವಾಯಿತು. (ಐಬಿಎಂ ಅದರ ಪೋಷಣೆಯನ್ನು ೨೦೦೬ರ ಕೊನೆಗೆ ನಿಲ್ಲಿಸಿತು.) ಸ್ಟಾರ್‌ಡಾಕಿನ ಆದಾಯದ ಬುಡವೇ ಕುಸಿಯಿತು. ವಿಂಡೋಸ್‌ಗಾಗಿ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗಿತ್ತು, ಆದರೆ ಬರೆಯುವಷ್ಟು ಕಾಲ ಬದುಕಿರಲು ಹಣವಿರಲಿಲ್ಲ. ಆಗ ಸಂಸ್ಥೆ ಆಬ್ಜೆಕ್ಟ್ ಡೆಸ್ಕ್‌ಟಾಪನ್ನು ಚಂದಾ ಕ್ರಮದಲ್ಲಿ ಮಾರಿತು. ಒಳಗಿನ ತಂತ್ರಾಂಶಗಳು ಪೂರ್ಣಗೊಳ್ಳುವ ಮೊದಲೇ ಹಳೆಯ ಗ್ರಾಹಕರು ಹಣ ತೆತ್ತರು; ತಂತ್ರಾಂಶಗಳು ಸಿದ್ಧವಾದಂತೆಲ್ಲ ಅವರ ಕೈಸೇರಿದವು. ಮನೆ ಕಟ್ಟುವ ಮೊದಲೇ ಬಾಡಿಗೆ ಕೊಟ್ಟ ಒಕ್ಕಲುಗಳಂತೆ ಆ ಕೆಲವರ ನಂಬಿಕೆ ಸಂಸ್ಥೆಯನ್ನು ಉಳಿಸಿತು.

ಅಲಂಕಾರದ ಕಾಲ

ವಿಂಡೋಸ್‌ಗೆ ಬಂದ ಮೇಲೆ ಈ ಕಟ್ಟಿಗೆ ಹೆಚ್ಚು ಹೆಸರು ತಂದದ್ದು ‘ವಿಂಡೋಬ್ಲೈಂಡ್ಸ್’. ಅದರ ಕೆಲಸ ಕುತೂಹಲಕರವಾದುದು. ಯಾವುದೇ ತಂತ್ರಾಂಶ ಕಿಟಕಿಯೊಂದನ್ನು ತೆರೆದಾಗ ಅದರ ಅಂಚು, ತಲೆಪಟ್ಟಿ, ಗುಂಡಿಗಳನ್ನು ವಿಂಡೋಸ್ ತಾನೇ ಬಿಡಿಸುತ್ತದೆ. ವಿಂಡೋಬ್ಲೈಂಡ್ಸ್ ನಡುವೆ ನಿಂತು ಆ ಬಿಡಿಸುವ ಕೆಲಸವನ್ನು ತಾನು ವಹಿಸಿಕೊಂಡು, ಬಳಕೆದಾರನು ಆರಿಸಿದ ಚಿತ್ರಗಳನ್ನು ಅಲ್ಲಿ ಹಚ್ಚುತ್ತದೆ. ಇಂಥ ಚಿತ್ರಗಳ ಒಂದು ಜೊತೆಗೆ ‘ಸ್ಕಿನ್’, ಎಂದರೆ ತೊಗಲು, ಎಂದು ಹೆಸರು. ಒಬ್ಬನ ಕಿಟಕಿ ಮರದ ಚೌಕಟ್ಟಿನಂತೆಯೂ ಇನ್ನೊಬ್ಬನ ಕಿಟಕಿ ಉಕ್ಕಿನ ಹಲಗೆಯಂತೆಯೂ ಕಾಣಬಹುದು. ‘ಐಕಾನ್‌ಪ್ಯಾಕೇಜರ್’ ಚಿಹ್ನೆಗಳನ್ನೂ, ‘ಕರ್ಸರ್‌ಎಫ್‌ಎಕ್ಸ್’ ಬಾಣದ ಗುರುತನ್ನೂ ಬದಲಿಸಿದವು. ಅನೇಕ ತರುಣರು ತೊಗಲುಗಳನ್ನು ತಾವೇ ರಚಿಸಿ ಇತರರಿಗೆ ಹಂಚಿದರು. ಇದನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕಲಾಗದು. ಮನೆಯ ಮುಂದೆ ರಂಗೋಲಿ ಇಡುವುದರಿಂದ ಮನೆ ಗಟ್ಟಿಯಾಗುವುದಿಲ್ಲ, ನಿಜ. ಆದರೆ ಅದರಿಂದ ಮನೆ ನಮ್ಮದಾಗುತ್ತದೆ.

ನೆಲ ಸರಿದ ಬಗೆ

ಇಂಥ ತಂತ್ರಾಂಶಕ್ಕೆ ಮುಪ್ಪು ಮೂರು ಕಡೆಯಿಂದ ಬರುತ್ತದೆ.

ಮೊದಲನೆಯದಾಗಿ, ಹಿಂದೆ ಬೇರೆಯಾಗಿ ಕೊಳ್ಳಬೇಕಾಗಿದ್ದ ಅನುಕೂಲಗಳನ್ನು ಮೂಲ ವ್ಯವಸ್ಥೆಯೇ ಒಂದೊಂದಾಗಿ ನುಂಗಿಕೊಳ್ಳುತ್ತದೆ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನದೇ ಬಣ್ಣದ ಕಿಟಕಿಗಳನ್ನು ತಂದಿತು. ೧೯೯೫ರಲ್ಲಿ ಓಎಸ್/೨ದ ನುರಿತವರು ಹಣ ಕೊಟ್ಟು ಪಡೆದ ಹಲವು ಮೇಜುಗಳ ಏರ್ಪಾಡು ೨೦೧೫ರ ವಿಂಡೋಸ್ ೧೦ರಲ್ಲಿ ಎಲ್ಲರಿಗೂ ಸಿಕ್ಕಿತು.

ಎರಡನೆಯದಾಗಿ, ಅಲಂಕಾರದ ಆಸೆ ಬೇರೆ ಕಡೆಗೆ ಹೋಯಿತು. ೨೦೦೭ರಲ್ಲಿ ಐಫೋನ್ ಬಂದಂದಿನಿಂದ ಜನರ ಅಚ್ಚುಮೆಚ್ಚಿನ ತೆರೆ ಮೇಜಿನಿಂದ ಇಳಿದು ಅಂಗೈಗೆ ಸೇರಿತು. ತಮ್ಮ ಪಟ, ತಮ್ಮ ಬಣ್ಣ, ತಮ್ಮ ನಾದಗಳನ್ನು ಜನರು ಈಗ ದೂರವಾಣಿಯಲ್ಲೇ ಇರಿಸಿಕೊಳ್ಳುತ್ತಾರೆ. ಮೇಜಿನ ಗಣಕದ ಮುಂದೆ ಉಳಿದವರು ಬಹುಮಟ್ಟಿಗೆ ಕೆಲಸಕ್ಕಾಗಿ ಕುಳಿತವರು.

ಮೂರನೆಯದು ಕಣ್ಣಿಗೆ ಕಾಣದ ಕಷ್ಟ. ವ್ಯವಸ್ಥೆಯ ಒಳಗೆ ಕೈಯಿಟ್ಟು ಕೆಲಸ ಮಾಡುವ ತಂತ್ರಾಂಶ ಆ ವ್ಯವಸ್ಥೆ ಬದಲಾದಾಗಲೆಲ್ಲ ತಾನೂ ಬದಲಾಗಬೇಕು. ಬಾಡಿಗೆಮನೆಯ ಗೋಡೆಗೆ ಚಿತ್ರ ಬರೆದವನು ಯಜಮಾನನು ಗೋಡೆ ಕೆಡವಿದಾಗಲೆಲ್ಲ ಮತ್ತೆ ಬರೆಯಬೇಕಾಗುವಂತೆ! ಹತ್ತು ಹದಿನೈದು ಉಪಕರಣಗಳಿರುವ ಕಟ್ಟಿನಲ್ಲಿ ಇರುವುದನ್ನು ನಡೆಸಿಕೊಂಡು ಹೋಗುವುದರಲ್ಲೇ ಶ್ರಮವೆಲ್ಲ ಸವೆದುಹೋಗಬಹುದು.

ಯಾರಿಗಾಗಿ ಮುಂದುವರಿಯಬೇಕು?

ಹೀಗಾದಾಗ ತಯಾರಕನ ಮುಂದೆ ಎರಡು ದಾರಿಗಳು ಕಾಣುತ್ತವೆ. ಎಲ್ಲರನ್ನೂ ಮೆಚ್ಚಿಸಲು ಹೊಸ ಹೊಸ ಬೆಡಗುಗಳನ್ನು ಸೇರಿಸುತ್ತ ಹೋಗುವುದು ಒಂದು. ಹೆಚ್ಚು ಕೆಲಸ ಮಾಡುವ ಕೆಲವರ ಕೈಯನ್ನು ನೋಡಿ, ಅವರ ತೊಡಕನ್ನು ಬಿಡಿಸುವುದು ಇನ್ನೊಂದು. ಈ ಕಟ್ಟಿಗೆ ಮುಂದೆ ಸೇರಿದ ಉಪಕರಣಗಳನ್ನು ನೋಡಿದರೆ ಎರಡನೆಯ ದಾರಿ ಸ್ಪಷ್ಟವಾಗಿ ಕಾಣುತ್ತದೆ.

೨೦೦೯ರಲ್ಲಿ ‘ಫೆನ್ಸಸ್’ ಬಂದಿತು. ಹೆಸರಿನ ಅರ್ಥ ಬೇಲಿಗಳು. ತೆರೆಯ ಮೇಲೆ ಚೆಲ್ಲಿದ ಚಿಹ್ನೆಗಳನ್ನು ಅದು ಬೇಲಿ ಹಾಕಿದ ಪಾತಿಗಳಲ್ಲಿ ಗುಂಪುಗೂಡಿಸುತ್ತದೆ. ಬರಿದಾದ ಜಾಗದಲ್ಲಿ ಎರಡು ಬಾರಿ ಒತ್ತಿದರೆ ಚಿಹ್ನೆಗಳೆಲ್ಲ ಮರೆಯಾಗುತ್ತವೆ. ಮತ್ತೆ ಒತ್ತಿದರೆ ಮರಳುತ್ತವೆ. ‘ಗ್ರೂಪಿ’ ಹಲವು ಕಿಟಕಿಗಳನ್ನು ಪುಸ್ತಕದ ಪುಟಗಳಂತೆ ಒಂದೇ ಚೌಕಟ್ಟಿನಲ್ಲಿ ಕಟ್ಟುತ್ತದೆ. ‘ಮಲ್ಟಿಪ್ಲಿಸಿಟಿ’ ಒಂದೇ ಕೀಲಿಮಣೆಯಿಂದ ಹಲವು ಗಣಕಗಳನ್ನು ನಡೆಸಲು ನೆರವಾಗುತ್ತದೆ. ಇವುಗಳಿಂದ ತೆರೆಯ ಅಂದ ಹೆಚ್ಚುವುದು ಅಲ್ಪ. ಕೈಯ ವೇಗ ಹೆಚ್ಚುವುದು ಬಹಳ.

೨೦೧೨ರ ಸಂಗತಿ ಇನ್ನೂ ಬೋಧಪ್ರದ. ಆ ವರ್ಷ ಬಂದ ವಿಂಡೋಸ್ ೮ರಲ್ಲಿ ಜನರಿಗೆ ರೂಢಿಯಾಗಿದ್ದ ‘ಸ್ಟಾರ್ಟ್’ ಪಟ್ಟಿಯನ್ನೇ ತೆಗೆದು, ತೆರೆಯನ್ನೆಲ್ಲ ತುಂಬುವ ಹೊಸ ಏರ್ಪಾಡನ್ನು ಇಟ್ಟರು. ದಿನವೆಲ್ಲ ಆ ಪಟ್ಟಿಯಿಂದಲೇ ಕೆಲಸ ನಡೆಸುತ್ತಿದ್ದವರಿಗೆ ಕೈ ಮುರಿದಂತಾಯಿತು. ಸ್ಟಾರ್‌ಡಾಕ್ ಅದೇ ವರ್ಷ ‘ಸ್ಟಾರ್ಟ್೮’ ಎಂಬ ಉಪಕರಣದಿಂದ ಹಳೆಯ ಪಟ್ಟಿಯನ್ನು ಮರಳಿ ಕೊಟ್ಟಿತು. ೨೦೧೫ರಲ್ಲಿ ವಿಂಡೋಸ್ ೧೦ ತಾನೇ ಪಟ್ಟಿಯನ್ನು ಹಿಂದಕ್ಕೆ ತಂದಿತು. ೨೦೨೧ರಲ್ಲಿ ವಿಂಡೋಸ್ ೧೧ ಬಂದಾಗ ಕೆಳಗಿನ ಕಾರ್ಯಪಟ್ಟಿಯನ್ನು ಬೇರೆ ಅಂಚಿಗೆ ಸರಿಸುವ ಸ್ವಾತಂತ್ರ್ಯ ಇಲ್ಲವಾಗಿತ್ತು. ಅದನ್ನು ಮೇಲಂಚಿಗೆ ಒಯ್ಯುವ ಅನುಕೂಲವನ್ನು ‘ಸ್ಟಾರ್ಟ್೧೧’ ಒದಗಿಸಿತು. ಬಹುಜನರಿಗಾಗಿ ವ್ಯವಸ್ಥೆಯನ್ನು ಸರಳಗೊಳಿಸುವಾಗ ನುರಿತವನ ಅನುಕೂಲವೇ ಮೊದಲು ಕತ್ತರಿಗೆ ಸಿಕ್ಕುತ್ತದೆ. ಕತ್ತರಿಸಿ ಬಿದ್ದ ಆ ಚೂರುಗಳಲ್ಲಿಯೇ ಹಳೆಯ ಉಪಕರಣಕ್ಕೆ ಹೊಸ ಕೆಲಸ ದೊರೆಯುತ್ತದೆ.

ಹೀಗೆ ನುರಿತವರ ಕಡೆಗೆ ತಿರುಗುವುದು ಹೊಸ ದಾರಿ ಹಿಡಿದಂತಲ್ಲ, ತವರಿಗೆ ಮರಳಿದಂತೆ. ಕಷ್ಟಕಾಲದಲ್ಲಿ ಮುಂಗಡ ಕೊಟ್ಟು ಕಾಯ್ದವರು ಅವರೇ ಅಲ್ಲವೇ?

ತಿರುಗುವಾಗ ಇರಬೇಕಾದ ಎಚ್ಚರ

ಆದರೂ ಈ ತಿರುವು ಅಪಾಯವಿಲ್ಲದುದಲ್ಲ. ನುರಿತವರು ಎಣಿಕೆಯಲ್ಲಿ ಕಡಿಮೆ, ಬೇಡಿಕೆಯಲ್ಲಿ ಹೆಚ್ಚು. ಒಬ್ಬೊಬ್ಬನೂ ಒಂದೊಂದು ಆಯ್ಕೆಯನ್ನು ಕೇಳುತ್ತಾನೆ. ಕೇಳಿದ್ದನ್ನೆಲ್ಲ ಸೇರಿಸಿದರೆ ಉಪಕರಣ ಗುಂಡಿಗಳ ಕಾಡಾಗುತ್ತದೆ. ಹೊಸಬನು ಬಾಗಿಲಿನಿಂದಲೇ ಹಿಂತಿರುಗುತ್ತಾನೆ. ಹೊಸಬರು ಬಾರದ ಮೇಲೆ ನುರಿತವರು ಹುಟ್ಟುವುದಾದರೂ ಎಲ್ಲಿಂದ? ತಾಯಿಯ ಹೊಟ್ಟೆಯಿಂದ ನುರಿತು ಬಂದವರು ಯಾರೂ ಇಲ್ಲ.

ಆದುದರಿಂದ ಇಂಥ ಕಟ್ಟನ್ನು ಮತ್ತೆ ಹದಗೊಳಿಸುವವರು ಕೆಲವು ಅಂಶಗಳನ್ನು ಮನಸ್ಸಿನಲ್ಲಿಡುವುದು ಯುಕ್ತ. ಮೂಲ ವ್ಯವಸ್ಥೆಯೇ ಚೆನ್ನಾಗಿ ಮಾಡುತ್ತಿರುವ ಕೆಲಸವನ್ನು ಕೈಬಿಡಬೇಕು. ಉಳಿದ ಉಪಕರಣಗಳು ಹಗುರವಾಗಿರಬೇಕು. ಸಮಯ ಉಳಿಸಲು ಬಂದ ತಂತ್ರಾಂಶವೇ ಯಂತ್ರವನ್ನು ನಿಧಾನಗೊಳಿಸಿದರೆ ನಗೆಪಾಟಲು. ಹೊಸ ಯಂತ್ರ ಕೊಂಡಾಗ ಹಳೆಯ ಏರ್ಪಾಡನ್ನು ಹಾಗೆಯೇ ಕೊಂಡೊಯ್ಯುವಂತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮೊದಲ ಮೆಟ್ಟಿಲು ತಗ್ಗಾಗಿರಬೇಕು, ಮೇಲಿನ ಮೆಟ್ಟಿಲುಗಳು ಬೇಕಾದವರಿಗೆ ಮಾತ್ರ ಕಾಣಬೇಕು. ಫೆನ್ಸಸ್‌ನಲ್ಲಿ ಎರಡು ಬಾರಿ ಒತ್ತುವುದನ್ನು ಮಗುವೂ ಕಲಿಯಬಲ್ಲದು. ಪಾತಿಗಳ ಸೂಕ್ಷ್ಮ ನಿಯಮಗಳನ್ನು ಕಲಿಯುವವನು ನಿಧಾನವಾಗಿ ಕಲಿಯಲಿ.

ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಮಾತು

ನುರಿತ ಬಳಕೆದಾರರಾಗಲು ನೀವು ಮೊದಲು ಹಣ ತೆರಬೇಕಾದ ಅಗತ್ಯವಿಲ್ಲ. ವಿಂಡೋಸ್ ೧೦ ಅಥವಾ ೧೧ ಇರುವ ಯಂತ್ರದಲ್ಲಿ ವಿಂಡೋಸ್ ಮತ್ತು ಕಂಟ್ರೋಲ್ ಕೀಲಿಗಳನ್ನು ಹಿಡಿದು ‘ಡಿ’ ಅಕ್ಷರವನ್ನು ಒತ್ತಿರಿ. ಬರಿದಾದ ಹೊಸ ಮೇಜೊಂದು ತೆರೆಯುತ್ತದೆ. ಅವೇ ಎರಡು ಕೀಲಿಗಳೊಡನೆ ಎಡ ಬಲ ಬಾಣಗಳನ್ನು ಒತ್ತಿದರೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಬಹುದು. ಒಂದರಲ್ಲಿ ಗಣಿತ, ಇನ್ನೊಂದರಲ್ಲಿ ಕನ್ನಡ ಪ್ರಬಂಧವನ್ನು ಇರಿಸಿಕೊಳ್ಳಿರಿ. ಸಾಲದೆನಿಸಿದಾಗ ಮಾತ್ರ ಬೇರೆ ಉಪಕರಣವನ್ನು ಹುಡುಕಬೇಕು. ಹುಡುಕುವಾಗ ಅದನ್ನು ತಯಾರಕರಿಂದಲೇ ಪಡೆಯತಕ್ಕದ್ದು. ಗುರುತಿಲ್ಲದ ಕಡೆಯಿಂದ ಬಂದ ‘ಉಚಿತ ತೊಗಲು’ಗಳೊಡನೆ ಕೇಡಿನ ತಂತ್ರಾಂಶಗಳೂ ಒಳನುಗ್ಗಬಹುದು. ಶಾಲೆಯ ಯಂತ್ರದಲ್ಲಿ ಉಪಾಧ್ಯಾಯರ ಅಪ್ಪಣೆಯಿಲ್ಲದೆ ಏನನ್ನೂ ಬದಲಿಸಬಾರದು.

ಕಳೆದ ವರ್ಷ ನನ್ನ ಯಂತ್ರದ ಮೇಜನ್ನು ನೋಡಿದ ಎಂಟನೆಯ ತರಗತಿಯ ಬಾಲಕನೊಬ್ಬನು, “ಇದರಲ್ಲಿ ನಿಮ್ಮದು ಯಾವುದು ಸಾರ್?” ಎಂದು ಕೇಳಿದನು. ಕಡತಗಳೆಲ್ಲ ನನ್ನವೇ, ಆದರೆ ಚೆಲ್ಲಾಪಿಲ್ಲಿಯಾಗಿದ್ದ ಆ ಮೇಜು ನನ್ನದಾಗಿರಲಿಲ್ಲ. ಅಂದು ಸಂಜೆ ಅರ್ಧ ಗಂಟೆ ಕುಳಿತು ಅದನ್ನು ಒಪ್ಪಮಾಡಿದೆನು. ಮರುದಿನದಿಂದ ಕಡತ ಹುಡುಕುವ ಕಾಲ ಉಳಿಯಿತು. ಆ ಕಾಲ ತರಗತಿಗೆ ಸಂದಿತು.

ಉಪಕರಣವು ಎಷ್ಟು ಹಳೆಯದೆಂಬುದು ದೊಡ್ಡ ಮಾತಲ್ಲ. ಅದನ್ನು ನಿತ್ಯವೂ ಹಿಡಿಯುವ ಕೈಯೊಂದು ಇದೆಯೇ, ಆ ಕೈಯ ನೋವನ್ನು ತಯಾರಕನು ಬಲ್ಲನೇ ಎಂಬುದೇ ಮುಖ್ಯ. ಬಡಗಿಯ ಉಳಿ ಬಾಳುವುದೂ ಹಾಗೆಯೇ.