ಸೋದರ ಎಂಜಿನ್ನುಗಳ ಒಳಭಾಗಗಳ ವಿನಿಮಯ

ಒಂದೇ ಸಂಸ್ಥೆಯು ಒಂದೇ ಮೂಲವಿನ್ಯಾಸದಿಂದ ಹಲವು ಗಾತ್ರದ ಎಂಜಿನ್ನುಗಳನ್ನು ತಯಾರಿಸಿದಾಗ, ಒಂದರ ಒಳಭಾಗವನ್ನು ಮತ್ತೊಂದರ ಬ್ಲಾಕಿನಲ್ಲಿ ಕೂಡಿಸಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಗ್ಯಾರೇಜಿನ ಕುಶಲಕರ್ಮಿಯು ಇದಕ್ಕೆ ಕೈಯ ಅನುಭವದಿಂದ ಉತ್ತರ ಹೇಳುತ್ತಾನೆ. ವಿದ್ಯಾರ್ಥಿಯಾದರೋ ಅದನ್ನು ಲೆಕ್ಕದಿಂದ ಹೇಳಲು ಶಕ್ತನಾಗಬೇಕು. ಒಂದು ಭಾಗವು ತನ್ನ ಸ್ಥಳದಲ್ಲಿ ಕುಳಿತುಕೊಳ್ಳುವುದು ಬೇರೆ, ಅಲ್ಲಿ ಕುಳಿತು ನಿಮಿಷಕ್ಕೆ ಸಾವಿರಾರು ಸುತ್ತುಗಳ ವೇಗದಲ್ಲಿ ಮುರಿಯದೆ ದುಡಿಯುವುದು ಬೇರೆ. ಈ ವ್ಯತ್ಯಾಸವನ್ನು ಒಂದು ಪ್ರಸಿದ್ಧ ನಿದರ್ಶನದ ಮೂಲಕ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ಷೆವ್ರೊಲೆ ಸಂಸ್ಥೆಯು 1955ರ ಮಾದರಿಯ ಕಾರುಗಳಿಗಾಗಿ, ಮುಂದೆ ‘ಸಣ್ಣ ಬ್ಲಾಕು’ ಎಂದು ಹೆಸರಾದ, ಎಂಟು ಸಿಲಿಂಡರುಗಳ ವಿ-ಆಕಾರದ ಎಂಜಿನ್ನೊಂದನ್ನು ಹೊರತಂದಿತು. ಅದರ ಗಾತ್ರ 265 ಘನ ಅಂಗುಲ. ಇದೇ ವಂಶದಲ್ಲಿ ತರುವಾಯ 283, 327, 350, 400 ಘನ ಅಂಗುಲಗಳ ಎಂಜಿನ್ನುಗಳು ಹುಟ್ಟಿದುವು. ಗಾತ್ರ ಬೆಳೆದರೂ ಅಕ್ಕಪಕ್ಕದ ಸಿಲಿಂಡರುಗಳ ಕೇಂದ್ರಗಳ ನಡುವಣ 4.4 ಅಂಗುಲಗಳ ಅಂತರ ಬದಲಾಗಲಿಲ್ಲ. ಈ ಸ್ಥಿರತೆಯೇ ವಿನಿಮಯಕ್ಕೆ ಆಧಾರ. ಸ್ವತಃ ತಯಾರಕರೇ ಇದರ ಪ್ರಯೋಜನವನ್ನು ಪಡೆದುದುಂಟು. ಪಂದ್ಯದ ನಿಯಮವು ಎಂಜಿನ್ನಿನ ಗಾತ್ರಕ್ಕೆ 305 ಘನ ಅಂಗುಲಗಳ ಮಿತಿಯನ್ನು ವಿಧಿಸಿದ್ದುದರಿಂದ, 1967ರಲ್ಲಿ 327ರ 4 ಅಂಗುಲದ ಒಳವ್ಯಾಸವನ್ನೂ 283ರ 3 ಅಂಗುಲದ ಸ್ಟ್ರೋಕನ್ನೂ ಕೂಡಿಸಿ 302 ಘನ ಅಂಗುಲಗಳ ಎಂಜಿನ್ನನ್ನು ಅವರು ನಿರ್ಮಿಸಿದರು.

ನಾವು ಪರಿಶೀಲಿಸತಕ್ಕ ಜೋಡಿಯೆಂದರೆ 1967ರಲ್ಲಿ ಬಂದ 350 ಮತ್ತು 1970ರಲ್ಲಿ ಬಂದ 400. ಮೊದಲನೆಯದರ ಒಳವ್ಯಾಸ 4.00 ಅಂಗುಲ, ಸ್ಟ್ರೋಕು 3.48 ಅಂಗುಲ, ಎರಡನೆಯದರವು ಕ್ರಮವಾಗಿ 4.125 ಮತ್ತು 3.75 ಅಂಗುಲ. 350ರ ಬ್ಲಾಕಿನಲ್ಲಿ 400ರ ಕ್ರ್ಯಾಂಕ್‌ಷಾಫ್ಟನ್ನು ಕೂಡಿಸಿ, ಸಿಲಿಂಡರುಗಳ ವ್ಯಾಸವನ್ನು 0.030 ಅಂಗುಲದಷ್ಟು ಹಿಗ್ಗಿಸಿದರೆ ಗಾತ್ರವು ಸುಮಾರು 383 ಘನ ಅಂಗುಲಗಳಾಗುತ್ತದೆ. ವಾಹನಪ್ರಿಯರಲ್ಲಿ ಈ ಸಂಖ್ಯೆ ಬಹಳ ಪ್ರಸಿದ್ಧವಾದುದು.

ಮೊದಲು ಎತ್ತರದ ಲೆಕ್ಕವನ್ನು ನೋಡೋಣ. ಕ್ರ್ಯಾಂಕ್‌ಷಾಫ್ಟಿನ ಕೇಂದ್ರದಿಂದ ಬ್ಲಾಕಿನ ಮೇಲ್ಮುಖದವರೆಗಿನ ಎತ್ತರವು ಎರಡರಲ್ಲಿಯೂ 9.025 ಅಂಗುಲ. ಸ್ಟ್ರೋಕಿನ ಅರ್ಧ, ಕನೆಕ್ಟಿಂಗ್ ರಾಡಿನ ಉದ್ದ, ಪಿನ್ನಿನ ಕೇಂದ್ರದಿಂದ ಪಿಸ್ಟನ್ನಿನ ನೆತ್ತಿಯವರೆಗಿನ ಎತ್ತರ, ಈ ಮೂರರ ಮೊತ್ತವು ಇದನ್ನು ಮೀರಕೂಡದು. 350ರಲ್ಲಿ 1.74, 5.70, 1.56 ಸೇರಿ 9.00 ಅಂಗುಲ. 400ರಲ್ಲಿ 1.875, 5.565, 1.56 ಸೇರಿ ಪುನಃ 9.00 ಅಂಗುಲ. ಸ್ಟ್ರೋಕಿನ ಅರ್ಧವು ಬೆಳೆದ 0.135 ಅಂಗುಲವನ್ನು ತಯಾರಕರು ರಾಡಿನಿಂದ ಸರಿಯಾಗಿ ಕಳೆದಿದ್ದಾರೆ. ಕ್ರ್ಯಾಂಕ್‌ಪಿನ್ನಿನ ವ್ಯಾಸವೂ ಎರಡರಲ್ಲಿ 2.10 ಅಂಗುಲವೇ ಆದುದರಿಂದ ರಾಡುಗಳು ಪರಸ್ಪರ ಹೊಂದುತ್ತವೆ. ಆದರೆ ಇದನ್ನು ಅರಿಯದೆ 400ರ ಷಾಫ್ಟಿಗೆ 350ರ ರಾಡನ್ನೂ ಪಿಸ್ಟನ್ನನ್ನೂ ಜೋಡಿಸಿದರೆ ಮೊತ್ತ 9.135 ಆಗಿ, ಪಿಸ್ಟನ್ನು ಬ್ಲಾಕಿನ ಮೇಲ್ಮುಖವನ್ನು ದಾಟಿ 0.11 ಅಂಗುಲ ಹೊರಚಾಚುತ್ತದೆ. ಒಂದೋ 400ರ ಗಿಡ್ಡ ರಾಡನ್ನು ಬಳಸಬೇಕು, ಇಲ್ಲವೇ ನೆತ್ತಿಯ ಎತ್ತರ ಕಡಮೆಯಿರುವ ಪಿಸ್ಟನ್ನನ್ನು ಮಾಡಿಸಬೇಕು.

ಎರಡನೆಯ ತೊಡಕು ಹೆಚ್ಚು ಗಂಭೀರವಾದುದು. ಬ್ಲಾಕಿನ ಬೇರಿಂಗುಗಳಲ್ಲಿ ಕುಳಿತು ತಿರುಗುವ ಮುಖ್ಯ ಜರ್ನಲುಗಳ ವ್ಯಾಸ 350ರಲ್ಲಿ 2.45 ಅಂಗುಲ, 400ರಲ್ಲಿ 2.65 ಅಂಗುಲ. ಆದುದರಿಂದ 400ರ ಷಾಫ್ಟಿನ ಜರ್ನಲುಗಳನ್ನು 0.20 ಅಂಗುಲದಷ್ಟು ಕಡೆದು ಸಾಣೆ ಹಿಡಿಯಬೇಕಾಗುತ್ತದೆ. ಇದರಿಂದ ನಷ್ಟವೇನು? ದುಂಡನೆಯ ದಂಡದ ತಿರುಚುಬಲವು ವ್ಯಾಸದ ಘನವನ್ನು ಅವಲಂಬಿಸಿರುವುದರಿಂದ, ಜರ್ನಲಿನಲ್ಲಿ ಉಳಿಯುವ ಬಲ ಮೊದಲಿನ ಶೇಕಡ 79 ಮಾತ್ರ. ಮುಖ್ಯ ಜರ್ನಲೂ ಕ್ರ್ಯಾಂಕ್‌ಪಿನ್ನೂ ಒಂದರ ಮೇಲೊಂದು ಅತಿಕ್ರಮಿಸುವ ಪ್ರಮಾಣವನ್ನೂ ಗಣಿಸತಕ್ಕದ್ದು. ಎರಡು ವ್ಯಾಸಗಳ ಮೊತ್ತದ ಅರ್ಧದಿಂದ ಸ್ಟ್ರೋಕಿನ ಅರ್ಧವನ್ನು ಕಳೆದರೆ ಇದು ದೊರೆಯುತ್ತದೆ: 350ರಲ್ಲಿ 0.535, 400ರಲ್ಲಿ 0.50, ಕಡೆದ ಷಾಫ್ಟಿನಲ್ಲಿ 0.40 ಅಂಗುಲ. 400ರ ಜರ್ನಲು ದಪ್ಪನಾಗಿರುವುದರ ಪ್ರಯೋಜನ ಇಲ್ಲಿ ವ್ಯಕ್ತವಾಗುತ್ತದೆ: ಉದ್ದನೆಯ ಸ್ಟ್ರೋಕು ಕಸಿದುಕೊಂಡ ಅತಿಕ್ರಮಣವನ್ನು ಆ ದಪ್ಪವು ಬಹುಪಾಲು ಮರಳಿಸುತ್ತದೆ, ನಾವು ಕಡೆಯುವಾಗ ತೆಗೆದುಹಾಕುವುದು ಅದನ್ನೇ. ಆದಕಾರಣ ಕಡೆದ ಜರ್ನಲಿನ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ತಿದ್ದುವುದು ಅತ್ಯವಶ್ಯಕ. ಬಿರುಕು ಹುಟ್ಟುವುದು ಅಲ್ಲಿಯೇ.

ಮೂರನೆಯದು ಸಮತೋಲ. 400ರ ಷಾಫ್ಟಿಗೆ ಬೇಕಾದ ಪ್ರತಿಭಾರದ ಒಂದಂಶವು ಬ್ಲಾಕಿನ ಹೊರಗೆ, ಮುಂದಿನ ಡ್ಯಾಂಪರಿನಲ್ಲಿಯೂ ಹಿಂದಿನ ಫ್ಲೈವೀಲಿನಲ್ಲಿಯೂ ಇದೆ. ಷಾಫ್ಟನ್ನು ಮಾತ್ರ ತಂದು ಇವನ್ನು ಬಿಟ್ಟರೆ ಎಂಜಿನ್ನು ವಿಪರೀತವಾಗಿ ಅದುರಿ ಬೇರಿಂಗುಗಳು ಹಾಳಾಗುತ್ತವೆ. ಪಿಸ್ಟನ್ನು, ರಾಡು ಬದಲಾದಲ್ಲಿ ಸಮತೋಲವನ್ನು ಹೊಸದಾಗಿಯೇ ಪರೀಕ್ಷಿಸಬೇಕು.

ಇನ್ನುಳಿದುವು ತೆರಪು ಮತ್ತು ಸಂಪೀಡನ. ಕ್ರ್ಯಾಂಕ್‌ಪಿನ್ನು 0.135 ಅಂಗುಲ ಹೆಚ್ಚು ದೂರದಲ್ಲಿ ಸುತ್ತುವುದರಿಂದ ರಾಡಿನ ಬೋಲ್ಟುಗಳು ಬ್ಲಾಕಿನ ಕೆಳಅಂಚಿಗೂ ಕ್ಯಾಮ್‌ಷಾಫ್ಟಿಗೂ ಹತ್ತಿರವಾಗುತ್ತವೆ. ಗಿಡ್ಡ ರಾಡನ್ನು ಬಳಸಿದಲ್ಲಿ ಪಿಸ್ಟನ್ನಿನ ಅಂಚು ಕೆಳಗೆ 0.27 ಅಂಗುಲ ಹೆಚ್ಚಾಗಿ ಇಳಿದು ಪ್ರತಿಭಾರಗಳನ್ನು ಸಮೀಪಿಸುತ್ತದೆ. ಎಂಜಿನ್ನನ್ನು ಕೈಯಿಂದಲೇ ಪೂರ್ತಿ ಸುತ್ತಿಸಿ, ಪ್ರತಿ ಸಿಲಿಂಡರಿನಲ್ಲಿಯೂ ತೆರಪನ್ನು ಅಳೆಯಬೇಕು. ಇನ್ನು ಪ್ರತಿ ಸಿಲಿಂಡರು ಸೆಳೆಯುವ ಪ್ರಮಾಣ ಸುಮಾರು 717 ಘನ ಸೆಂಟಿಮೀಟರಿನಿಂದ 784ಕ್ಕೆ ಏರುತ್ತದೆ. ಪಿಸ್ಟನ್ನು ತುದಿಯಲ್ಲಿದ್ದಾಗ ಉಳಿಯುವ ಅವಕಾಶವು 90 ಘನ ಸೆಂಟಿಮೀಟರೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಸಂಪೀಡನ ಪ್ರಮಾಣವು 9.0ರಿಂದ 9.7ಕ್ಕೆ ಹೋಗುತ್ತದೆ. ಮೊದಲಿನ ಪೆಟ್ರೋಲು ಈಗ ಬಡಿತವನ್ನುಂಟುಮಾಡಬಹುದು.

ಹೀಗೆ ವಂಶದ ಹೆಸರು ಒಂದೇ ಎಂಬ ನಂಬಿಕೆಯ ಮೇಲೆ ಭಾಗಗಳನ್ನು ಕೂಡಿಸುವುದು ಸಲ್ಲದು. ಯಾವ ಅಳತೆ ಸಮಾನ, ಯಾವುದು ಭಿನ್ನ, ಆ ಭಿನ್ನತೆಗೆ ಕಾರಣವೇನು ಎಂಬ ಮೂರನ್ನೂ ತಿಳಿಯಬೇಕು. ಮೊದಲೆರಡನ್ನು ಮೈಕ್ರೋಮೀಟರು ಹೇಳುತ್ತದೆ. ಮೂರನೆಯದನ್ನು ಹೇಳುವುದು ಲೆಕ್ಕ. ಬಿಚ್ಚಿಟ್ಟ ಎಂಜಿನ್ನಿನ ಮುಂದೆ ನಿಲ್ಲುವ ವಿದ್ಯಾರ್ಥಿಯು ಸ್ಪ್ಯಾನರಿಗಿಂತ ಮೊದಲು ಪೆನ್ಸಿಲನ್ನು ಕೈಗೆ ತೆಗೆದುಕೊಂಡರೆ, ತನ್ನ ಹಣವನ್ನೂ ಒಂದು ಒಳ್ಳೆಯ ಷಾಫ್ಟನ್ನೂ ಉಳಿಸಿಕೊಂಡಾನು.